ನಾಲ್ಕಾಣೆಯಿಂದ ಶುರು ಮಾಡಿ: ಬ್ರಯಾನ್ ಮೇ ಗಿಟಾರ್ ಸೌಂಡ್ ಮನೆಯಲ್ಲೇ ಹಿಡಿಯುವ ಬಗೆ

ಮನೆಯಲ್ಲಿ ಹಳೇ ಹುಂಡಿ, ಅಜ್ಜಿಯ ಎಲೆಅಡಿಕೆ ಡಬ್ಬಿ ಏನಾದರೂ ಇದ್ದರೆ ಮೊದಲು ಅದನ್ನು ತಡಕಿ ನೋಡಿ. ಬೇಕಾಗಿರುವುದು ಒಂದು ಹಳೇ ನಾಲ್ಕಾಣೆ. ಅಂಚಿನಲ್ಲಿ ಉಗುರಿಗೆ ತಾಗುವಂಥ ಸಣ್ಣ ಸಣ್ಣ ಹಲ್ಲು ಇರಬೇಕು. 2011ರಲ್ಲಿ ಅದರ ಚಲಾವಣೆ ನಿಂತಿತು, ಈಗ ಅಂಗಡಿಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಆದರೆ ಬ್ರಿಟನ್ನಿನ ರಾಕ್ ಬ್ಯಾಂಡ್ ಕ್ವೀನ್‌ನ ಗಿಟಾರಿಸ್ಟ್ ಬ್ರಯಾನ್ ಮೇ ಅವರ ಸೌಂಡ್ ಬೇಕು ಅಂತ ಹೊರಟವರಿಗೆ ಇಷ್ಟು ಅಗ್ಗದ, ಇಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ.

ಮೈಸೂರಿನಲ್ಲಿ ನನ್ನ ಹತ್ತಿರ ಗಿಟಾರ್ ಕಲಿಯಲು ಬರುವ ಹುಡುಗರು ಫೋನಿನಲ್ಲಿ ಯಾವುದೋ ಪೆಡಲ್, ಅಂದರೆ ಕಾಲಿನಿಂದ ತುಳಿದು ಸೌಂಡ್ ಬದಲಿಸುವ ಡಬ್ಬಿ, ತೋರಿಸಿ ಕೇಳುತ್ತಾರೆ, "ಮೇಡಂ, ಇದು ತಗೊಂಡ್ರೆ ಬ್ರಯಾನ್ ಮೇ ಥರ ಬರುತ್ತಾ?" ಬರಲ್ಲ ಕಣೋ ಅಂತ ಹೇಳಿ, ಕೈಗೆ ನಾಲ್ಕಾಣೆ ಕೊಡುತ್ತೇನೆ. ನಾನೂ ಮೂರು ವರ್ಷ ಒಂದಾದ ಮೇಲೊಂದು, ಸೌಂಡನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಕೊಂಡೆ. ಯಾವುದರಲ್ಲೂ ಆ ಹಾಡುವ ದನಿ ಬರಲಿಲ್ಲ. ಯಾಕೆಂದರೆ ಅವರ ಆ ಸೌಂಡಿನ ಬುಡದಲ್ಲಿ ಡಿಸ್ಟಾರ್ಷನ್ ಪೆಡಲ್ಲೇ ಇಲ್ಲ. ಒಂದು ಗಿಟಾರ್, ಮೇಲಿನ ದನಿಗಳನ್ನು ಹಿಗ್ಗಿಸುವ ಒಂದು ಟ್ರೆಬಲ್ ಬೂಸ್ಟರ್, ವಾಲ್ಯೂಮ್ ಪೂರ್ತಿ ತಿರುಗಿಸಿದ ಒಂದು ವಾಲ್ವ್ ಆಂಪ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವುಗಳ ಆಂಪ್ಲಿಫೈಯರ್). ಮಿಕ್ಕಿದ್ದೆಲ್ಲ ಕೈ. ಸೌಂಡ್ ಎಷ್ಟು ಒರಟಾಗಬೇಕು, ಎಷ್ಟು ತಿಳಿಯಾಗಬೇಕು ಅನ್ನುವುದು ಗಿಟಾರಿನ ವಾಲ್ಯೂಮ್ ಗುಂಡಿಯಲ್ಲೂ ಬಲಗೈ ಬೆರಳಲ್ಲೂ ತೀರ್ಮಾನವಾಗುತ್ತದೆ. ಇದೊಂದು ತಲೆಗೆ ಹೋದರೆ ನಿಮ್ಮ ದುಡ್ಡು ತುಂಬಾ ಉಳಿಯುತ್ತದೆ.

ಮೊದಲು ನಾಣ್ಯ. ಬ್ರಯಾನ್ ಮೇ ಪ್ಲಾಸ್ಟಿಕ್ ಪಿಕ್ ಬಿಟ್ಟು ಬ್ರಿಟನ್ನಿನ ಹಳೇ ಸಿಕ್ಸ್‌ಪೆನ್ಸ್ ನಾಣ್ಯ ಹಿಡಿದು ನುಡಿಸುತ್ತಾರೆ. ಅದರ ಅಗಲ 19 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಜಾಸ್ತಿ. ನಮ್ಮ ಹಳೇ ತಾಮ್ರ-ನಿಕ್ಕಲ್ ನಾಲ್ಕಾಣೆಯೂ 19 ಮಿಲಿಮೀಟರ್. ಎರಡಕ್ಕೂ ಅಂಚಿನಲ್ಲಿ ಹಲ್ಲು. ಹೆಬ್ಬೆರಳು ಮತ್ತು ಮಡಚಿದ ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿಯಿರಿ, ಕುಂಕುಮ ಚಿಟಿಕೆ ಹಿಡಿದಷ್ಟು ಸಡಿಲ. ನಾಣ್ಯ ಬಗ್ಗುವುದಿಲ್ಲ, ಹಾಗಾಗಿ ಬಗ್ಗುವ ಕೆಲಸ ಬೆರಳು ಮಾಡಬೇಕು. ತಂತಿಗೆ ನೇರವಾಗಿ ತಾಗಿಸಿದರೆ ದನಿ ದುಂಡಗೆ ಬರುತ್ತದೆ. ಸ್ವಲ್ಪ ಓರೆ ಮಾಡಿ, ಹಲ್ಲು ತಂತಿಯ ಸುರುಳಿಯ ಮೇಲೆ ಉಜ್ಜಿದಾಗ ಸ್ವರ ಶುರುವಾಗುವ ಮೊದಲು "ಕ್ಷ್" ಅನ್ನುವ ಸಣ್ಣ ಕೆರೆತ ಕೇಳುತ್ತದೆ. ದಪ್ಪ ತಂತಿಗಳ ಮೇಲೆ ಜಾಸ್ತಿ, ಸಣ್ಣ ತಂತಿಗಳ ಮೇಲೆ ಕಡಿಮೆ. ಆ ಕೆರೆತವೇ ಅವರ ಗಿಟಾರ್ ಮಾತಾಡಿದ ಹಾಗೆ ಕೇಳಿಸಲು ಅರ್ಧ ಕಾರಣ. ಒಂದು ವಾರ ಬೇರೇನೂ ಬೇಡ, ಇದೊಂದೇ ಅಭ್ಯಾಸ ಮಾಡಿ. ಗಿಟಾರಿಗೆ 0.009 ಇಂಚಿನ ಸೆಟ್ ಹಾಕಿ, ಅಂದರೆ ಅತಿ ಸಣ್ಣ ತಂತಿ ಅಷ್ಟು ದಪ್ಪ ಇರುವುದು. ಅವರದೂ ಹಗುರ ತಂತಿಯೇ.

ಈಗ ಗಿಟಾರ್. ಇದರ ಕಥೆ ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. 1963ರ ಆಗಸ್ಟಿನಲ್ಲಿ, 16 ವರ್ಷದ ಬ್ರಯಾನ್ ಮತ್ತು ಅವರಪ್ಪ ಹೆರಾಲ್ಡ್ ಮೇ ಸೇರಿ ಮನೆಯಲ್ಲೇ ಗಿಟಾರ್ ಕಟ್ಟಲು ಕೂತರು. ಅಂಗಡಿಯ ಗಿಟಾರ್ ಕೊಳ್ಳುವ ಶಕ್ತಿ ಮನೆಗೆ ಇರಲಿಲ್ಲ. ಅಪ್ಪ ಎಲೆಕ್ಟ್ರಾನಿಕ್ಸ್ ಬಲ್ಲವರು. ಕುತ್ತಿಗೆಗೆ ನೂರು ವರ್ಷಕ್ಕೂ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮಹಾಗನಿ ಮರ. ಅದರಲ್ಲಿ ಹುಳ ಕೊರೆದ ತೂತುಗಳಿದ್ದವು, ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಮೈಯಲ್ಲಿ ಹಳೇ ಮೇಜಿನ ಓಕ್ ಮರದ ತುಂಡು. ಫ್ರೆಟ್ ಬೋರ್ಡಿನ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಹಿಡಿ ಒತ್ತಿ ಸ್ವರ ಅಲುಗಾಡಿಸುವ ಟ್ರೆಮೊಲೊಗೆ ಹಳೇ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್ ಎರಡು. ಅದರ ಹಿಡಿ ಸೈಕಲ್ಲಿನ ಚೀಲ ತೂಗುಹಾಕುವ ಕಂಬಿ, ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು. ಸುಮಾರು ಎರಡು ವರ್ಷ ಹಿಡಿಯಿತು. ಅದೇ ರೆಡ್ ಸ್ಪೆಷಲ್. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆ ಮೇಲೆ ನಿಂತು ರಾಷ್ಟ್ರಗೀತೆ ನುಡಿಸಿದ್ದೂ ಇದೇ ಗಿಟಾರಿನಲ್ಲಿ.

ನನ್ನಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ನಾನು ಸೋಲ್ಡರಿಂಗ್ ಕಲಿತದ್ದು ಅವರ ಬೆಂಚಿನ ಮೇಲೆ, ಒಂಬತ್ತನೇ ಕ್ಲಾಸಿನಲ್ಲಿ. ಅದಕ್ಕೇ ಏನೋ, ಈ ಅಪ್ಪ ಮಗನ ಕಥೆ ಓದಿದಾಗಲೆಲ್ಲ ನನಗೆ ರಾಳದ ಹೊಗೆಯ ವಾಸನೆ ಬರುತ್ತದೆ.

ಗಿಟಾರ್ ಬೇಕೆಂದರೆ ಎರಡು ದಾರಿ. ದುಡ್ಡಿದ್ದರೆ ಬ್ರಯಾನ್ ಮೇ ಗಿಟಾರ್ಸ್ ಅವರದೇ ಸ್ಪೆಷಲ್ ಮಾಡೆಲ್ ತರಿಸಬಹುದು. ಇಲ್ಲದಿದ್ದರೆ ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅಲುಗಾಟವನ್ನು ಕರೆಂಟಾಗಿಸುವ ಮ್ಯಾಗ್ನೆಟ್ ಮತ್ತು ಸುರುಳಿ) ಇರುವ ಯಾವುದೇ ಅಗ್ಗದ ಸ್ಟ್ರಾಟ್, ಅಂದರೆ ಫೆಂಡರ್ ಸ್ಟ್ರಾಟೊಕಾಸ್ಟರ್, ನಕಲಿನ ವೈರಿಂಗ್ ಬದಲಿಸಿ. ನಾನು ಮಾಡಿದ್ದು ಎರಡನೆಯದು. ರೆಡ್ ಸ್ಪೆಷಲ್‌ನಲ್ಲಿ ಬರ್ನ್ಸ್ ಕಂಪನಿಯ ಟ್ರೈಸಾನಿಕ್ ಪಿಕಪ್ ಮೂರಿವೆ. ಅವು ಸಿಕ್ಕರೆ ಒಳ್ಳೆಯದು. ಆದರೆ ಪಿಕಪ್ಪಿಗಿಂತ ಅವನ್ನು ಜೋಡಿಸಿರುವ ರೀತಿ ಮುಖ್ಯ.

ಸಾಮಾನ್ಯ ಸ್ಟ್ರಾಟ್‌ನಲ್ಲಿ ಎರಡು ಪಿಕಪ್ ಒಟ್ಟಿಗೆ ಹಾಕಿದರೆ ಅವು ಪ್ಯಾರಲಲ್ ಆಗಿ ನಿಲ್ಲುತ್ತವೆ. ರೆಡ್ ಸ್ಪೆಷಲ್‌ನಲ್ಲಿ ಅವು ಸೀರೀಸ್. ಗಣೇಶನ ಪೆಂಡಾಲಿಗೆ ಹಾಕುವ ಸೀರಿಯಲ್ ಸೆಟ್ ಇದೆಯಲ್ಲ, ಅದೇ ಲೆಕ್ಕ. ಒಂದರ ಬಾಲಕ್ಕೆ ಇನ್ನೊಂದರ ತಲೆ. ಹೀಗೆ ಜೋಡಿಸಿದಾಗ ದನಿ ಜೋರಾಗಿ, ದಪ್ಪಗೆ ಬರುತ್ತದೆ. ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಕಿತ್ತರೆ ಇಡೀ ಸರ ಆರಿಹೋಗುತ್ತದೆ, ಅಲ್ವಾ? ಇಲ್ಲೂ ಹಾಗೇ ಆಗುತ್ತದೆ. ಅದಕ್ಕೆ ಪಿಕಪ್ ಆಫ್ ಮಾಡುವಾಗ ಸರ ಕತ್ತರಿಸಬಾರದು. ಆ ಪಿಕಪ್ಪಿನ ಎರಡು ವೈರುಗಳನ್ನು ಸ್ವಿಚ್ಚಿನಿಂದ ಒಂದಕ್ಕೊಂದು ಮುಟ್ಟಿಸಬೇಕು. ಕರೆಂಟ್ ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ.

ಪ್ರತಿ ಪಿಕಪ್ಪಿಗೂ ಅವರು ಎರಡು ಸ್ವಿಚ್ ಇಟ್ಟಿದ್ದಾರೆ. ಒಂದು ಆನ್-ಆಫ್, ಇನ್ನೊಂದು ಫೇಸ್, ಅಂದರೆ ಪಿಕಪ್ಪಿನ ಎರಡು ವೈರುಗಳ ದಿಕ್ಕು, ತಿರುಗಿಸಲು. ಒಟ್ಟು ಆರು. ನಿಮಗೆ ಐದು ಸಾಕು. ಫೇಸ್ ಅನ್ನುವುದು ಒಂದು ಪಿಕಪ್ ಇನ್ನೊಂದಕ್ಕೆ ಹೋಲಿಸಿದರೆ ಹೇಗಿದೆ ಅನ್ನುವ ಮಾತು. ಹಾಗಾಗಿ ಮೂರರಲ್ಲಿ ಎರಡನ್ನು ತಿರುಗಿಸಲು ಬಂದರೆ ಎಲ್ಲ ಜೋಡಣೆಯೂ ಸಿಗುತ್ತದೆ. ಫೇಸಿಗೆ ಬೇಕಾದದ್ದು ಡಿಪಿಡಿಟಿ ಸ್ವಿಚ್, ಅಂದರೆ ಆರು ಕಾಲಿನದು. ಅದನ್ನು ಬೆನ್ನು ಮೇಲೆ ಮಾಡಿ ಇಟ್ಟುಕೊಳ್ಳಿ. ಎರಡು ಸಾಲು, ಸಾಲಿಗೆ ಮೂರು ಕಾಲು. ನಡುವಿನ ಎರಡು ಕಾಲಿಗೆ ಪಿಕಪ್ಪಿನ ಎರಡು ವೈರು. ನಾಲ್ಕು ಮೂಲೆಯ ಕಾಲುಗಳನ್ನು ಕತ್ತರಿ ಆಕಾರದಲ್ಲಿ, ಎದುರುಬದುರು ಮೂಲೆಗೆ ಸಣ್ಣ ವೈರಿನಿಂದ ಜೋಡಿಸಿ. ಆ ಎರಡು ವೈರು ಒಂದರ ಮೇಲೊಂದು ಹಾಯುವಲ್ಲಿ ಮುಟ್ಟಬಾರದು, ಒಂದಕ್ಕೆ ಪ್ಲಾಸ್ಟಿಕ್ ತೋಳು ಹಾಕಿ. ಯಾವುದಾದರೂ ಒಂದು ತುದಿಯ ಎರಡು ಕಾಲಿನಿಂದ ವೈರು ಹೊರಗೆ ತನ್ನಿ. ಆ ಎರಡರ ನಡುವೆ ಆನ್-ಆಫ್ ಸ್ವಿಚ್. ಮೂರು ಪಿಕಪ್ಪಿನ ಸರದ ಒಂದು ತುದಿ ವಾಲ್ಯೂಮ್ ಗುಂಡಿಯ ಕೆಳಗಿನ ಪಾಟಿಗೆ, ಇನ್ನೊಂದು ತುದಿ ಗ್ರೌಂಡಿಗೆ. ಪಿಕಪ್ಪಿಗೆ ಲೋಹದ ಮುಚ್ಚಳವಿದ್ದು ಅದು ಪಿಕಪ್ಪಿನ ಒಂದು ವೈರಿಗೆ ಅಂಟಿಕೊಂಡಿದ್ದರೆ ಬಿಡಿಸಿ, ಮುಚ್ಚಳಕ್ಕೆ ಬೇರೆ ಗ್ರೌಂಡ್ ವೈರು ಕೊಡಿ.

ಬ್ರಿಡ್ಜ್ ಮತ್ತು ನಡುವಿನ ಪಿಕಪ್, ಒಂದೇ ಫೇಸಿನಲ್ಲಿ: ಬ್ರಯಾನ್ ಮೇ ಹೆಚ್ಚು ಹೊತ್ತು ನುಡಿಸುವುದು ಇದರಲ್ಲೇ. ನೀವೂ ಇಲ್ಲಿಂದಲೇ ಶುರು ಮಾಡಿ. ಫೇಸ್ ತಿರುಗಿಸಿದರೆ ಏನಾಗುತ್ತದೆ ಅನ್ನುವುದು ಕುತೂಹಲದ ವಿಷಯ. ಎರಡು ಪಿಕಪ್ಪೂ ಹತ್ತಿರ ಹತ್ತಿರ ಇರುವುದರಿಂದ ತಂತಿಯ ದೊಡ್ಡ ಅಲುಗಾಟವನ್ನು ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ಒಂದನ್ನು ತಲೆಕೆಳಗು ಮಾಡಿದರೆ ಆ ಭಾಗ ಒಂದನ್ನೊಂದು ಹೊಡೆದುಹಾಕುತ್ತದೆ. ಉಳಿಯುವುದು ಮೇಲಿನ ಸಣ್ಣ ಸಣ್ಣ ಹಾರ್ಮೋನಿಕ್‌ಗಳು. ಸುಮ್ನೆ ಕೇಳಿದರೆ ತೆಳ್ಳಗೆ, ಮೂಗಿನಲ್ಲಿ ಮಾತಾಡಿದ ಹಾಗಿರುತ್ತದೆ. ಬೂಸ್ಟರಿಗೆ ಕೊಟ್ಟು ಆಂಪ್ ಪೂರ್ತಿ ತೆರೆದರೆ ಅದೇ ದನಿ ಚೀರುತ್ತದೆ. ಇವತ್ತಿನ ಎಷ್ಟೋ ಸ್ಟ್ರಾಟ್ ನಕಲುಗಳಲ್ಲಿ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿರುತ್ತಾರೆ. ಅಂಥದ್ದರಲ್ಲಿ ಬ್ರಿಡ್ಜ್-ನಡು ಒಂದೇ ಫೇಸಿನಲ್ಲಿದ್ದಾಗ ಗುಂಯ್ ಅನ್ನುವ ಕರೆಂಟಿನ ಸದ್ದು ಇರುವುದಿಲ್ಲ. ಫೇಸ್ ತಿರುಗಿಸಿದರೆ ಆ ಸದ್ದು ವಾಪಸ್ ಬರುತ್ತದೆ. ವೈರಿಂಗ್ ತಪ್ಪಾಯಿತು ಅಂತ ಗಾಬರಿ ಬೀಳಬೇಡಿ.

ಬೂಸ್ಟರ್. ಇದನ್ನು ಬ್ರಯಾನ್ ಮೇ ಕಲಿತದ್ದು ಐರ್ಲೆಂಡಿನ ಗಿಟಾರಿಸ್ಟ್ ರೋರಿ ಗ್ಯಾಲಗರ್ ಅವರಿಂದ. ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಅವರ ಕಾರ್ಯಕ್ರಮ ಮುಗಿದ ಮೇಲೆ ಹೋಗಿ, ನಿಮಗೆ ಈ ಸೌಂಡ್ ಹೇಗೆ ಬರುತ್ತೆ ಅಂತ ಕೇಳಿದರು. ಗ್ಯಾಲಗರ್ ಮುಚ್ಚುಮರೆ ಇಲ್ಲದೆ ತೋರಿಸಿದರು: ವಾಕ್ಸ್ ಎಸಿ 30 ಆಂಪ್, ಅದರ ಮುಂದೆ ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನುವ ಸಣ್ಣ ಡಬ್ಬಿ. ಆ ಡಬ್ಬಿಯೊಳಗೆ ಇರುವುದು ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್, ಒಸಿ 44. ಜೊತೆಗೆ ನಾಲ್ಕಾರು ಬಿಡಿಭಾಗ. ಒಳಬರುವ ಕಡೆ 0.005 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಇದೆ. ಅದು ಕೆಳಗಿನ ದನಿಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಆಂಪ್ ಪೂರ್ತಿ ಒದ್ದಾಡುವಾಗ ಬೇಸ್ ಜಾಸ್ತಿ ಹೋದರೆ ಸೌಂಡ್ ಕೆಸರಾಗುತ್ತದೆ. ಮೇಲಿನದನ್ನು ಮಾತ್ರ ಹಿಗ್ಗಿಸಿ ಕೊಟ್ಟರೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಹಾಡುತ್ತದೆ. ಮುಂದೆ ಬ್ರಯಾನ್ ಮೇ ಅವರಿಗೆ ಪೀಟ್ ಕಾರ್ನಿಶ್, ಆಮೇಲೆ ಆಸ್ಟ್ರೇಲಿಯಾದ ಗ್ರೆಗ್ ಫ್ರೈಯರ್ ಬೂಸ್ಟರ್ ಮಾಡಿಕೊಟ್ಟರು. ಕೆಲಸ ಮಾತ್ರ ಅದೇ.

ರೆಡಿಮೇಡ್ ಬೇಕೆಂದರೆ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಸ್ಕ್ರೀಮಿಂಗ್ ಬರ್ಡ್ ಥರದ ಸಣ್ಣ ಟ್ರೆಬಲ್ ಬೂಸ್ಟರ್ ಸಾಕು. ನಾನು ಕೈಯಾರೆ ಮಾಡಿದೆ. ಮೊದಲು ಆನ್‌ಲೈನಿನಲ್ಲಿ ಒಂದು ಕಡೆಯಿಂದ ಒಸಿ 44 ತರಿಸಿದೆ. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಬೇಸ್-ಎಮಿಟರ್ ನಡುವೆ ನೋಡಿದರೆ 0.6 ವೋಲ್ಟ್ ತೋರಿಸಿತು. ಜರ್ಮೇನಿಯಂ ಆಗಿದ್ದರೆ 0.2, 0.3ರ ಆಸುಪಾಸು ಬರಬೇಕು. ಅದು ಹೊಸ ಹೆಸರು ಬರೆದ ಸಿಲಿಕಾನ್. ನೀವೂ ಕೊಂಡ ಕೂಡಲೇ ಈ ಪರೀಕ್ಷೆ ಮಾಡಿ, ವಾಪಸ್ ಮಾಡುವ ಗಡುವಿನೊಳಗೆ. ಕೊನೆಗೆ ನನಗೆ ಒದಗಿದ್ದು ಅಪ್ಪನ ಡ್ರಾಯರ್. ಅಪ್ಪ ರಿಪೇರಿ ಮಾಡುತ್ತಿದ್ದದ್ದು ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ರೇಡಿಯೋ ವಾಲ್ವುಗಳೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳೂ ತಯಾರಾಗುತ್ತಿದ್ದ ಕಾಲದಲ್ಲಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಎಸಿ 128 ಅನ್ನುವ ಜರ್ಮೇನಿಯಂ ಟ್ರಾನ್ಸಿಸ್ಟರ್ ಎಂಟು ಸಿಕ್ಕವು. ಎಂಟನ್ನೂ ಹಾಕಿ ನೋಡಿದೆ. ಆರರಲ್ಲಿ ಸೋರಿಕೆ ಜಾಸ್ತಿ, ಬರೀ ಕುದಿಯುವ ಎಣ್ಣೆಯ ಸದ್ದು. ಎರಡು ಅದ್ಭುತವಾಗಿ ಹಾಡಿದವು. ಕಲೆಕ್ಟರಿನಲ್ಲಿ ಮೈನಸ್ 7 ವೋಲ್ಟ್ ಹತ್ತಿರ ಬರುವ ಹಾಗೆ ಒಂದು ಪ್ರಿಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಹಾಕಿ ಹೊಂದಿಸಿ. ಜರ್ಮೇನಿಯಂಗೆ ಸೆಕೆ ಒಗ್ಗುವುದಿಲ್ಲ. ಡಿಸೆಂಬರಿನಲ್ಲಿ ಹೊಂದಿಸಿದ್ದು ಏಪ್ರಿಲ್ ಮಧ್ಯಾಹ್ನಕ್ಕೆ ಜರುಗಿರುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಗಿಟಾರ್ ವೈರು ಸೀದಾ ಬೂಸ್ಟರಿಗೇ ಹೋಗಬೇಕು, ನಡುವೆ ಟ್ಯೂನರ್ ಪೆಡಲ್ ಕೂಡ ಬೇಡ. ಗಿಟಾರ್ ಮತ್ತು ಬೂಸ್ಟರ್ ಒಂದನ್ನೊಂದು ಎಳೆದಾಡುವುದರಲ್ಲೇ ಆ ಸೌಂಡಿದೆ. ಮತ್ತೆ, ಹಳೇ ಬಗೆಯ ಜರ್ಮೇನಿಯಂ ಬೂಸ್ಟರಿನಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಗ್ರೌಂಡಿಗೆ ಸೇರಿರುತ್ತದೆ. ಉಳಿದ ಪೆಡಲುಗಳಲ್ಲಿ ನೆಗೆಟಿವ್. ಎರಡನ್ನೂ ಒಂದೇ ಅಡಾಪ್ಟರಿನಿಂದ ನಡೆಸಿದರೆ ಶಾರ್ಟ್ ಆಗುತ್ತದೆ. ನನ್ನದೊಂದು ಅಡಾಪ್ಟರ್ ಹಾಗೇ ಸುಟ್ಟಿತು. ಬೂಸ್ಟರಿಗೆ ಬೇರೆಯಾಗಿ 9 ವೋಲ್ಟ್ ಬ್ಯಾಟರಿ ಹಾಕಿ. ಕರೆಂಟ್ ತೀರಾ ಕಡಿಮೆ ಎಳೆಯುತ್ತದೆ, ತಿಂಗಳುಗಟ್ಟಲೆ ಬರುತ್ತದೆ.

ಆಂಪ್ ವಿಷಯಕ್ಕೆ ಬಂದರೆ, ವಾಕ್ಸ್ ಎಸಿ 30 ಅಂದರೆ ಇಎಲ್ 84 ವಾಲ್ವ್ ನಾಲ್ಕು, 12 ಇಂಚಿನ ಸ್ಪೀಕರ್ ಎರಡು, 30 ವ್ಯಾಟ್. ಅಪ್ಪನ ಅಂಗಡಿಗೆ ಬರುತ್ತಿದ್ದ ದೊಡ್ಡ ವಾಲ್ವ್ ರೇಡಿಯೋಗಳಲ್ಲೂ ಇದೇ ಇಎಲ್ 84 ಇರುತ್ತಿತ್ತು. ಬ್ರಯಾನ್ ಮೇ ಬಳಸುವುದು ಅದರ ನಾರ್ಮಲ್ ಚಾನೆಲ್, ವಾಲ್ಯೂಮ್ ಕೊನೆಯವರೆಗೆ. ಹಾಗೆ ತೆರೆದು, ಬೂಸ್ಟರ್ ಯಾವಾಗಲೂ ಆನ್ ಇಟ್ಟು, ಗಿಟಾರಿನ ವಾಲ್ಯೂಮ್ 3ಕ್ಕೆ ಇಳಿಸಿ: ತಿಳಿ. 6, 7ಕ್ಕೆ ತನ್ನಿ: ಕಾರ್ಡ್ ಹೊಡೆಯಲು ಬೇಕಾದ ಒರಟು. 10ಕ್ಕೆ ತನ್ನಿ: ಸ್ವರ ನಿಲ್ಲದೆ ಹರಿಯುತ್ತದೆ. ಕಾಲಿನಿಂದ ತುಳಿಯುವ ಕೆಲಸವೇ ಇಲ್ಲ, ಕಿರುಬೆರಳಲ್ಲಿ ಗುಂಡಿ ತಿರುಗಿಸಿದರೆ ಆಯಿತು.

ಆದರೆ 30 ವ್ಯಾಟಿನ ವಾಲ್ವ್ ಆಂಪ್ ಪೂರ್ತಿ ತೆರೆದರೆ ಬೀದಿಯವರೆಲ್ಲ ಬಾಗಿಲಿಗೆ ಬರುತ್ತಾರೆ. 4 ವ್ಯಾಟಿನದೂ ಮನೆಯೊಳಗೆ ಜೋರೇ. ನನ್ನ ಕೋಣೆಯ ಕೆಳಗೆ ವಯಸ್ಸಾದ ಅಜ್ಜಿ ಇದ್ದಾರೆ, ಅವರ ಮಧ್ಯಾಹ್ನದ ನಿದ್ದೆ ಕೆಡಿಸಲು ಮನಸ್ಸಿಲ್ಲ. ಅದಕ್ಕೆ ವಾರವಿಡೀ ಹೆಡ್‌ಫೋನ್. ವಾಕ್ಸ್‌ನವರೇ ಮಾಡುವ ಆಂಪ್‌ಪ್ಲಗ್ ಎಸಿ 30 ಗಿಟಾರಿಗೇ ಸಿಕ್ಕಿಸುವ ಪುಟ್ಟ ಡಬ್ಬಿ, ಶುರುವಿಗೆ ತುಂಬಾ ಒಳ್ಳೆಯದು. ಕಂಪ್ಯೂಟರಿನಲ್ಲಿ ಅಥವಾ ಮಲ್ಟಿ ಎಫೆಕ್ಟ್ಸ್‌ನಲ್ಲಿ ಮಾಡುವವರು ಎಸಿ 30 ಮಾಡೆಲ್ ಹುಡುಕಿ, ಟಾಪ್ ಬೂಸ್ಟ್ ಚಾನೆಲ್ ಬಿಟ್ಟು ನಾರ್ಮಲ್ ಆರಿಸಿ, ಗೇನ್ ಪೂರ್ತಿ ಏರಿಸಿ, ಮುಂದೆ ಟ್ರೆಬಲ್ ಬೂಸ್ಟರ್ ಇಡಿ. ಸಣ್ಣ ಸದ್ದನ್ನು ತಡೆಯುವ ನಾಯ್ಸ್ ಗೇಟ್ ತೆಗೆದುಬಿಡಿ. ವಾಲ್ಯೂಮ್ ಇಳಿಸಿ ಮೆಲ್ಲಗೆ ನುಡಿಸುವಾಗ ಅದು ಸ್ವರದ ಬಾಲ ಕತ್ತರಿಸುತ್ತದೆ. ನಿಜವಾದ ವಾಲ್ವ್ ಆಂಪ್ ತರಿಸುವವರು ವೋಲ್ಟೇಜ್ ನೋಡಿ. ಬ್ರಿಟನ್ನಿನದು ನಮ್ಮ ವೋಲ್ಟೇಜಿಗೆ ಹೊಂದುತ್ತದೆ, ಅಮೆರಿಕದ್ದಕ್ಕೂ ಜಪಾನಿನದಕ್ಕೂ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸ್ಪೀಕರ್ ಜೋಡಿಸದೆ ಆನ್ ಮಾಡಲೇಬೇಡಿ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಬಿಚ್ಚುವ ಕೆಲಸ ತಿಳಿದವರಿಗೇ ಬಿಡಿ.

ಇಷ್ಟಾದ ಮೇಲೆ ಡಿಲೇ, ಅಂದರೆ ನುಡಿಸಿದ್ದನ್ನು ಸ್ವಲ್ಪ ತಡವಾಗಿ ವಾಪಸ್ ಕೇಳಿಸುವುದು. 1974ರ 'ಬ್ರೈಟನ್ ರಾಕ್' ಹಾಡಿನಲ್ಲಿ ಒಬ್ಬರೇ ಮೂರು ಜನರಾಗಿ ನುಡಿಸುತ್ತಾರೆ. ವೇದಿಕೆಯಲ್ಲಿ ಅದಕ್ಕೆ ಎಕೋಪ್ಲೆಕ್ಸ್ ಟೇಪ್ ಯಂತ್ರಗಳನ್ನು ಬದಲಿಸಿ, ಡಿಲೇ ಉದ್ದ ಮಾಡಿಕೊಂಡಿದ್ದರು. ಪ್ರತಿ ಡಿಲೇಗೂ ಬೇರೆ ಬೇರೆ ಆಂಪ್. ಕಾರಣ ಸರಳ. ಎರಡು ಸ್ವರ ಒಂದೇ ಒದ್ದಾಡುವ ಆಂಪಿನೊಳಗೆ ಹೋದರೆ ಒಂದನ್ನೊಂದು ಕಚ್ಚುತ್ತವೆ, ಬೇರೆ ಬೇರೆ ಆಂಪಿನಿಂದ ಬಂದರೆ ಗಾಳಿಯಲ್ಲಿ ಸೇರಿ ಹಾರ್ಮನಿ ಆಗುತ್ತದೆ. ಒಂದೇ ಆಂಪ್ ಇರುವ ನಾವು ಡಿಲೇಯನ್ನು ಆಂಪಿನ ನಂತರ ಇಡಬೇಕು, ಅಂದರೆ ಕಂಪ್ಯೂಟರಿನಲ್ಲಿ. 800 ಮಿಲಿಸೆಕೆಂಡಿನದು ಒಂದು, 1600ರದು ಇನ್ನೊಂದು. ಎರಡೂ ಒಂದೊಂದೇ ಸಲ ಉತ್ತರಿಸಬೇಕು, ಅಂದರೆ ಮತ್ತೆ ಮತ್ತೆ ಮರುಕಳಿಸುವ ಫೀಡ್‌ಬ್ಯಾಕ್ ಸೊನ್ನೆ. ದನಿ ನಿಮ್ಮಷ್ಟೇ ಜೋರಿರಲಿ. ಒಂದು ಎಡಕ್ಕೆ, ಒಂದು ಬಲಕ್ಕೆ. ಈಗ ಸ ನುಡಿಸಿ. ಅದು ಎಡದಿಂದ ವಾಪಸ್ ಬರುವ ಹೊತ್ತಿಗೆ ಗ. ಗ ಎಡಕ್ಕೆ, ಸ ಬಲಕ್ಕೆ ಬಂದಾಗ ಪ. ಮೂರೂ ಒಟ್ಟಿಗೆ ನಿಂತ ಆ ಕ್ಷಣ ನನಗೆ ಮೊದಲ ಸಲ ಸಿಕ್ಕಿದಾಗ ರಾತ್ರಿ ಹನ್ನೊಂದೂವರೆ. ಹೆಡ್‌ಫೋನ್ ತೆಗೆಯಲು ಮನಸ್ಸಾಗದೆ ಒಂದು ಗಂಟೆ ಕೂತಿದ್ದೆ.

ರೆಕಾರ್ಡಿಂಗಿನಲ್ಲಿ ಅವರು ಡಿಲೇ ನೆಚ್ಚದೆ ಒಂದೊಂದೇ ಸಾಲು ಬೇರೆ ಬೇರೆ ನುಡಿಸಿ ಪೇರಿಸಿದ್ದೂ ಬಹಳ. 1975ರ 'ಗುಡ್ ಕಂಪನಿ' ಹಾಡಿನ ಕೊನೆಯಲ್ಲಿ ಕೇಳುವ ಹಳೇ ಜಾಜ್ ಬ್ಯಾಂಡ್ ಪೂರ್ತಿ ಗಿಟಾರೇ. ಅದಕ್ಕೆ ಬಳಸಿದ್ದು ಕ್ವೀನ್‌ನ ಬೇಸ್ ಗಿಟಾರಿಸ್ಟ್ ಜಾನ್ ಡೀಕನ್, ಕಸದ ರಾಶಿಯಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡನ್ನು ಮನೆಯ ಸ್ಪೀಕರ್ ಪೆಟ್ಟಿಗೆಯಲ್ಲಿ ಕೂರಿಸಿ, 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಹಾಗೆ ಮಾಡಿದ ಪುಟ್ಟ ಆಂಪ್. ಗುಂಡಿಯೊಂದೂ ಇಲ್ಲದ ಪೆಟ್ಟಿಗೆ. ಮನೆಯಲ್ಲಿ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ, ತಿಳಿದವರಿಂದ ಅದರ ವಾಲ್ಯೂಮ್ ಕಂಟ್ರೋಲಿಗೆ ಬೂಸ್ಟರಿನ ವೈರು ಕೊಡಿಸಿ. ಬ್ಯಾಟರಿಯಲ್ಲಿ ಮಾತ್ರ ನಡೆಯುವ ರೇಡಿಯೋ ಆಗಿರಲಿ. ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡಿ. ಪ್ರತಿ ಸಾಲಿಗೂ ಪಿಕಪ್ ಜೋಡಣೆ ಬದಲಿಸುತ್ತಾ ಹೋಗಿ, ಇಲ್ಲದಿದ್ದರೆ ಸಾಲುಗಳೆಲ್ಲ ಅಂಟಿಕೊಂಡು ಒಂದೇ ಮುದ್ದೆ ಆಗುತ್ತವೆ.

ನಾಣ್ಯದಲ್ಲಿ ನುಡಿಸಿದ ಮೇಲೆ ಬಟ್ಟೆಯಲ್ಲಿ ತಂತಿ ಒರೆಸಿ. ತಂತಿ ಸವೆದು ಉದುರಿದ ಕಬ್ಬಿಣದ ಪುಡಿ ಪಿಕಪ್ಪಿನ ಮ್ಯಾಗ್ನೆಟ್ಟಿಗೆ ಮೀಸೆಯ ಹಾಗೆ ಅಂಟಿರುತ್ತದೆ. ಅದನ್ನು ಉಜ್ಜಬೇಡಿ, ಸೆಲ್ಲೋಟೇಪ್ ಒತ್ತಿ ಎತ್ತಿದರೆ ಬರುತ್ತದೆ. ನಾಲ್ಕಾಣೆಯ ಹಲ್ಲು ನಯವಾಯಿತು ಅನ್ನಿಸಿದಾಗ ಬೇರೆ ಬದಿಗೆ ತಿರುಗಿಸಿ ಹಿಡಿಯಿರಿ.